ಒಂದೇ ತುದಿಯಿಂದ ಹತ್ತು

1999ರ ಫೆಬ್ರುವರಿ 7, ರವಿವಾರ. ದಿಲ್ಲಿಯ ಫಿರೋಜ್ ಶಾ ಕೋಟ್ಲಾ ಮೈದಾನದಲ್ಲಿ ಆಟಗಾರರು ಊಟಕ್ಕೆ ಹೋಗಿದ್ದಾರೆ. ಸ್ಕೋರ್‌ಬೋರ್ಡ್ ಮೇಲೆ ಪಾಕಿಸ್ತಾನ, ವಿಕೆಟ್ ಹೋಗದೆ 101. ಗೆಲ್ಲಲು 420 ಬೇಕು. ನಾಲ್ಕನೇ ಇನಿಂಗ್ಸ್‌ನಲ್ಲಿ ಅಷ್ಟು ಓಟ ಹೊಡೆದು ಗೆದ್ದವರು ಟೆಸ್ಟ್ ಇತಿಹಾಸದಲ್ಲೇ ಇಲ್ಲ. ಆದರೂ ಸಯೀದ್ ಅನ್ವರ್ ಮತ್ತು ಶಾಹಿದ್ ಅಫ್ರಿದಿ ಆಡಿದ ರೀತಿ ನೋಡಿದವರ ಎದೆಯಲ್ಲಿ ಅಳುಕು ಹೊಕ್ಕಿದೆ. ವಾರದ ಹಿಂದೆ ಚೆನ್ನೈನಲ್ಲಿ ಸಚಿನ್ 136 ಹೊಡೆದೂ ಭಾರತ 12 ಓಟದಿಂದ ಸೋತಿತ್ತು. ಆ ಗಾಯ ಇನ್ನೂ ಹಸಿ ಇದೆ.

ಅಲ್ಲಿಂದ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದಕ್ಷಿಣಕ್ಕೆ, ಬೀಳಗಿ ತಾಲೂಕಿನ ಬಾಡಗಂಡಿಯ ಕಟ್ಟೆಯ ಮೇಲೆ ನೀವೂ ಕುಂತಿದ್ದೀರಿ. ಕರೆಂಟು ಬೆಳಿಗ್ಗೆಯೇ ಹೋಗಿದೆ. ಟಿ.ವಿ. ಇದ್ದ ಮನೆಯವರು ಅಂಗಳಕ್ಕೆ ಬಂದಿದ್ದಾರೆ. ಸೆಲ್ಲು ಹಾಕಿದ ಒಂದು ಟ್ರಾನ್ಸಿಸ್ಟರ್ ನಡುವೆ ಇದೆ, ಅದರ ಸುತ್ತ ಮಂದಿ. ಬಿಳಿಜೋಳ ಕೊಯ್ಲಿಗೆ ಬಂದ ಕಾಲ, ಕಬ್ಬು ಕಡಿಯುವ ಕಾಲ. ಕಡಿದ ಕಬ್ಬು ಹೇರಿಕೊಂಡು ಟ್ರ್ಯಾಕ್ಟರೊಂದು ರಸ್ತೆಯಲ್ಲಿ ಹಾಯುವಾಗ ಆ ಸದ್ದಿಗೆ ಎರಡು ಮೂರು ಎಸೆತ ಯಾರಿಗೂ ಕೇಳುವುದಿಲ್ಲ. ಡ್ರೈವರ್ ಮಾತ್ರ ತಲೆ ಹೊರಗೆ ಹಾಕಿ, "ಎಷ್ಟಾತ್ರಿ?" ಎಂದು ಕೇಳಿಯೇ ಮುಂದೆ ಹೋಗುತ್ತಾನೆ.

"ನೂರಾ ಒಂದಕ್ಕ ಒಂದೂ ಇಲ್ಲ."

"ಅನ್ವರ್ ಅದಾನಲ್ಲ, ಮುಗೀತ ಬಿಡ್ರಿ."

ಅನ್ವರ್ ಹೆಸರಿಗೆ ಇಲ್ಲಿ ಎಲ್ಲರಿಗೂ ಹೆದರಿಕೆ. ಎರಡು ವರ್ಷದ ಹಿಂದೆ ಚೆನ್ನೈನ ಒಂದು ದಿನದ ಪಂದ್ಯದಲ್ಲಿ ಭಾರತದ ಮೇಲೆ 194 ಹೊಡೆದ ಮನುಷ್ಯ. ರೇಡಿಯೋದಲ್ಲಿ ಬರುವುದು ಹಿಂದಿ. ಸಾಲಿಗೆ ಹೋಗುವ ಹುಡುಗನೊಬ್ಬ ಕಿವಿ ಹಚ್ಚಿ ಕೇಳಿ, ಕನ್ನಡದಲ್ಲಿ ಹೇಳುತ್ತಾನೆ. ಹಿರಿಯರಿಗೆಲ್ಲ ಇವತ್ತು ಅವನೇ ಆಕಾಶವಾಣಿ.

ಊಟ ಮುಗಿದು ಆಟ ಶುರುವಾಗುತ್ತದೆ. ಭಾರತದ ನಾಯಕ ಅಜರುದ್ದೀನ್ ಒಂದು ಸಣ್ಣ ಬದಲಾವಣೆ ಮಾಡಿದ್ದಾರೆ. ಬೆಳಿಗ್ಗೆ ಫುಟ್‌ಬಾಲ್ ಸ್ಟ್ಯಾಂಡಿನ ತುದಿಯಿಂದ ಬೌಲ್ ಮಾಡಿ ಬರಿಗೈಯಲ್ಲಿ ಉಳಿದಿದ್ದ ಅನಿಲ್ ಕುಂಬ್ಳೆಗೆ ಈಗ ಪೆವಿಲಿಯನ್ ತುದಿ. ಕಟ್ಟೆಯ ಮೇಲೆ ಅದನ್ನು ಯಾರೂ ದೊಡ್ಡದು ಮಾಡುವುದಿಲ್ಲ. ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ ಕಾಕಾ ಒಬ್ಬರು ಮಾತ್ರ, "ಆ ಕುಂಬ್ಳೆ ಯಾವೂರಾಂವಲೇ?" ಎಂದು ಕೇಳುತ್ತಾರೆ.

"ಬೆಂಗಳೂರಾಂವ ಕಾಕಾ. ಹಿರ್ಯಾರದು ಕಾಸರಗೋಡ ಕಡೆ ಕುಂಬ್ಳೆ ಅಂತ ಊರಂತ. ಎಂಜಿನಿಯರಿಂಗ್ ಕಲತಾನ."

"ಎಂಜಿನಿಯರ್ ಆಗಿ ಬಾಲ್ ಒಗೀತಾನ?"

ಎಲ್ಲರೂ ನಗುತ್ತಾರೆ. ಇನ್ನೊಬ್ಬ ಸೇರಿಸುತ್ತಾನೆ: "ಒಗಿಯೂದೇನೋ ಒಗೀತಾನ, ಬಾಲ್ ತಿರಗಂಗಿಲ್ಲ. ತಿರಗಲಾರದ್ದು ಎಂಥಾ ಸ್ಪಿನ್ನರೋ?"

ಈ ಮಾತು ಕಟ್ಟೆಯದಷ್ಟೇ ಅಲ್ಲ. ಒಂಬತ್ತು ವರ್ಷದಿಂದ ದೊಡ್ಡ ದೊಡ್ಡ ಪಂಡಿತರೂ ಆಡುತ್ತ ಬಂದ ಮಾತು. ಶೇನ್ ವಾರ್ನ್ ಕೈಯಿಂದ ಹೊರಟ ಚೆಂಡು ಗೇಣುಗಟ್ಟಲೆ ಹೊರಳುತ್ತದೆ. ಕುಂಬ್ಳೆಯದು ಅಷ್ಟು ಹೊರಳುವುದಿಲ್ಲ. ಹುಡುಗನಾಗಿದ್ದಾಗ ಮಧ್ಯಮ ವೇಗದ ಬೌಲರ್ ಆಗಿದ್ದವರು ಆಮೇಲೆ ಲೆಗ್ ಸ್ಪಿನ್ನಿಗೆ ಬಂದವರು. ಎತ್ತರದ ಆಳು, ತೋಳು ಕಿವಿಗೆ ತಾಗುವಷ್ಟು ನೆಟ್ಟಗೆ ಏರುತ್ತದೆ. ಅಲ್ಲಿಂದ ಇಳಿದ ಚೆಂಡು ಬೇರೆ ಸ್ಪಿನ್ನರ್‌ಗಳ ಚೆಂಡಿಗಿಂತ ವೇಗವಾಗಿ ಬರುತ್ತದೆ, ನೆಲಕ್ಕೆ ಬಡಿದು ಒಮ್ಮೆ ಪುಟಿಯುತ್ತದೆ, ಒಮ್ಮೆ ಜಾರುತ್ತದೆ. ಬ್ಯಾಟ್ಸ್‌ಮನ್‌ಗೆ ಹಿಂದಕ್ಕೆ ಸರಿಯಲು ಹೊತ್ತು ಇರುವುದಿಲ್ಲ. ಮುಂದಕ್ಕೆ ಬಂದರೆ ಪುಟಿತದ ಭಯ.

ಕೋಟ್ಲಾದ ನೆಲವೂ ಇವತ್ತು ಅವರ ಕಡೆಗಿದೆ. ಜನವರಿಯಲ್ಲಿ ಪಾಕಿಸ್ತಾನ ಬರಬಾರದೆಂದು ಶಿವಸೇನೆಯವರು ರಾತ್ರಿ ನುಗ್ಗಿ ಇದೇ ಪಿಚ್ ಅಗೆದು ಹಾಕಿದ್ದರು. ಮೊದಲ ಟೆಸ್ಟ್ ಇಲ್ಲಿ ನಡೆಯಬೇಕಿದ್ದದ್ದು ಚೆನ್ನೈಗೆ ಹೋದದ್ದು ಅದಕ್ಕೇ. ರಿಪೇರಿಯಾದ ಪಿಚ್ ನಾಲ್ಕನೇ ದಿನಕ್ಕೆ ಬಂದಿದೆ. ಒಂದು ಚೆಂಡು ಮೊಣಕಾಲಿಗೆ, ಮುಂದಿನದು ಹಿಮ್ಮಡಿಗೆ.

ಮೊದಲನೆಯವನು ಅಫ್ರಿದಿ. 41 ಹೊಡೆದು ಹುಮ್ಮಸ್ಸಿನಲ್ಲಿದ್ದವನ ಬ್ಯಾಟಿನ ಪಕ್ಕದಿಂದ ಚೆಂಡು ಹಾದು ಕೀಪರ್ ನಯನ್ ಮೋಂಗಿಯಾ ಕೈ ಸೇರುತ್ತದೆ. ಕೂಗು ಏಳುತ್ತದೆ. ಅಂಪೈರ್ ಎ.ವಿ. ಜಯಪ್ರಕಾಶ್ ಬೆರಳು ಎತ್ತುತ್ತಾರೆ. ಅಫ್ರಿದಿಗೆ ಒಪ್ಪಿಗೆಯಿಲ್ಲ. ಬ್ಯಾಟಿಗೆ ತಾಗಲೇ ಇಲ್ಲವೆಂಬಂತೆ ನಿಂತೇ ಇದ್ದಾನೆ, ಕೊನೆಗೆ ಕಾಲೆಳೆಯುತ್ತ ಹೊರಡುತ್ತಾನೆ. ಜಯಪ್ರಕಾಶ್ ಕರ್ನಾಟಕದವರೇ. ಆಗೆಲ್ಲ ಟೆಸ್ಟಿಗೆ ಇಬ್ಬರು ಅಂಪೈರ್‌ಗಳಲ್ಲಿ ಒಬ್ಬರು ಆತಿಥೇಯ ದೇಶದವರು. ಇನ್ನೊಂದು ತುದಿಯಲ್ಲಿ ಜಮೈಕಾದ ಸ್ಟೀವ್ ಬಕ್ನರ್.

"ಯಾರ ಔಟಲೇ?"

"ಅಫ್ರಿದಿ ರೀ!"

ಹುಡುಗ ಹೇಳಿ ಮುಗಿಸುವಷ್ಟರಲ್ಲಿ ರೇಡಿಯೋ ಮತ್ತೆ ಚೀರುತ್ತದೆ. ಮುಂದಿನ ಎಸೆತಕ್ಕೇ ಇಜಾಜ್ ಅಹ್ಮದ್ ಎಲ್‌ಬಿಡಬ್ಲ್ಯು. ಕೆಳಗೇ ಉಳಿದ ಚೆಂಡು ಪ್ಯಾಡಿಗೆ ಬಡಿದಿದೆ. 101ಕ್ಕೆ ಎರಡು. ಹ್ಯಾಟ್ರಿಕ್ ಎಸೆತವನ್ನು ಇಂಜಮಾಮ್ ತಡೆಯುತ್ತಾನೆ. ಕಟ್ಟೆಯ ಮೇಲೆ ನಿಟ್ಟುಸಿರು. ಆದರೆ ಈಗ ಯಾರೂ ಮನೆಗೆ ಹೋಗುವ ಮಾತಾಡುತ್ತಿಲ್ಲ.

ಇಲ್ಲಿಂದ ಮುಂದೆ ನಡೆಯುವುದನ್ನು ಕಣ್ಣಿಟ್ಟು ನೋಡಿ. ಕುಂಬ್ಳೆ ಹೊಸದೇನನ್ನೂ ಮಾಡುತ್ತಿಲ್ಲ. ಅದೇ ಓಟ, ಕೊನೆಯಲ್ಲಿ ಅದೇ ನೆಗೆತ, ಅದೇ ಎತ್ತರದ ತೋಳು. ಚೆಂಡು ಬೀಳುವ ಜಾಗ ಒಂದೇ. ಸ್ಟಂಪಿನ ಗೆರೆ ಬಿಡುವುದಿಲ್ಲ, ಉದ್ದ ಬಿಡುವುದಿಲ್ಲ. ಬ್ಯಾಟ್ಸ್‌ಮನ್ ಸುತ್ತ ಗುಂಪು ಕಟ್ಟಿಕೊಂಡು ನಿಂತ ಫೀಲ್ಡರ್‌ಗಳು ಪ್ರತಿ ಎಸೆತಕ್ಕೂ ಬಾಗುತ್ತಾರೆ, ಏಳುತ್ತಾರೆ. ಮುಂದೆ ಎಡಗಡೆ ಶಾರ್ಟ್ ಲೆಗ್‌ನಲ್ಲಿ ಹೆಲ್ಮೆಟ್ ಹಾಕಿ ಕುಕ್ಕರಗಾಲಲ್ಲಿ ಲಕ್ಷ್ಮಣ್. ರನ್ ನಿಂತು ಹೋಗಿದೆ. ರನ್ ನಿಂತರೆ ಬ್ಯಾಟ್ಸ್‌ಮನ್ ಕೈ ಸುಮ್ಮನಿರುವುದಿಲ್ಲ.

ಇಂಜಮಾಮ್ ಕೈ ಸುಮ್ಮನಿರಲಿಲ್ಲ. ಡ್ರೈವ್‌ಗೆ ಹೋದ, ಬ್ಯಾಟಿನ ಒಳಅಂಚು ತಾಗಿ ಚೆಂಡು ಸ್ಟಂಪಿಗೆ. 115ಕ್ಕೆ ಮೂರು. ಯೂಸುಫ್ ಯೊಹಾನಾ ಬಂದ, ಎಲ್‌ಬಿಡಬ್ಲ್ಯು, ಸೊನ್ನೆ. 115ಕ್ಕೆ ನಾಲ್ಕು. ಮೊಯಿನ್ ಖಾನ್ ಬ್ಯಾಟಿನ ಅಂಚು ಸವರಿದ್ದು ಸ್ಲಿಪ್‌ನಲ್ಲಿ ಗಂಗೂಲಿ ಕೈಗೆ. 127ಕ್ಕೆ ಐದು. ಇಷ್ಟು ಹೊತ್ತೂ ಆ ತುದಿಯಲ್ಲಿ ನಿಂತು ಎಲ್ಲವನ್ನೂ ನೋಡಿದ ಎಡಗೈಯವ ಅನ್ವರ್ 69ರಲ್ಲಿದ್ದಾನೆ. ಅವನೊಬ್ಬ ಹೋದರೆ ಎಲ್ಲ ಹೋದ ಹಾಗೆ. ಚೆಂಡು ಬ್ಯಾಟಿಗೂ ಪ್ಯಾಡಿಗೂ ತಾಗಿ ಮೇಲೆದ್ದಿದೆ, ಲಕ್ಷ್ಮಣ್ ಕೈ ಕೆಳಗೆ ಹೋಗಿದೆ. 128ಕ್ಕೆ ಆರು.

ಬಾಡಗಂಡಿಯಲ್ಲಿ ಈ ಹೊತ್ತಿಗೆ ಕಟ್ಟೆ ಸಾಲದಾಗಿದೆ. ಹೊಲದಿಂದ ಬಂದವರು ಕುಡುಗೋಲು ಕಂಕುಳಲ್ಲಿ ಇಟ್ಟುಕೊಂಡೇ ನಿಂತಿದ್ದಾರೆ. ಕಬ್ಬಿನ ಟ್ರ್ಯಾಕ್ಟರಿನ ಡ್ರೈವರ್ ರಸ್ತೆ ಬದಿಗೆ ಹಚ್ಚಿ ಇಳಿದಿದ್ದಾನೆ. ಸಮೀರವಾಡಿ ಕಾರ್ಖಾನೆಯ ಮುಂದೆ ಸರದಿ ಹೇಗೂ ಉದ್ದ ಇರುತ್ತದೆ, ಒಂದು ತಾಸು ತಡವಾದರೆ ಏನೂ ಆಗುವುದಿಲ್ಲ ಎಂದು ಯಾರೂ ಕೇಳದಿದ್ದರೂ ಹೇಳುತ್ತಿದ್ದಾನೆ. ಎಲೆಯಡಿಕೆ ಕಾಕಾ ಹುಡುಗನ ಭುಜ ಅಲ್ಲಾಡಿಸುತ್ತಾರೆ.

"ಆರೂ ಯಾರು ತಗೊಂಡ್ರು?"

"ಆರೂ ಕುಂಬ್ಳೇನ ಕಾಕಾ."

"ಆರೂ?"

ಕಾಕಾ ಗರಡಿ ಮನೆಯಲ್ಲಿ ಮಣ್ಣು ಹಚ್ಚಿಕೊಂಡು ಬೆಳೆದವರು. ಕ್ರಿಕೆಟ್ ಅವರಿಗೆ ಅಷ್ಟಕ್ಕಷ್ಟೆ. ಆದರೆ ಲೆಕ್ಕ ಅವರಿಗೆ ಹತ್ತಿತು: "ಅಂದ್ರ ಕಣದಾಗ ಒಬ್ಬನ ಪೈಲ್ವಾನ ನಿಂತಾನ, ಜೋಡಿ ಬದಲಾಗೂದೇನಿದ್ರೂ ಆ ಕಡೆಯವರದು." ಇದಕ್ಕಿಂತ ಚೆನ್ನಾಗಿ ಆ ಮಧ್ಯಾಹ್ನವನ್ನು ಯಾವ ಕಾಮೆಂಟೇಟರೂ ಹೇಳಿರಲಿಕ್ಕಿಲ್ಲ. ಬ್ಯಾಟ್ಸ್‌ಮನ್ ಹೊಸಬನಾಗಿ ಬರುತ್ತಾನೆ, ದಣಿವಿಲ್ಲದೆ ಬರುತ್ತಾನೆ. ಬೌಲರ್ ಅದೇ ಮನುಷ್ಯ, ಅದೇ ಭುಜ.

ಚಹಾ ವಿರಾಮದ ನಂತರ ಆ ಭುಜ ದಣಿದದ್ದು ಕಾಣುತ್ತದೆ. ಸಲೀಂ ಮಲಿಕ್ ಮತ್ತು ನಾಯಕ ವಾಸಿಂ ಅಕ್ರಂ ನೆಲಕಚ್ಚಿ ನಿಂತಿದ್ದಾರೆ. ಹತ್ತು, ಇಪ್ಪತ್ತು, ನಲವತ್ತು, ಜೊತೆಯಾಟ ಬೆಳೆಯುತ್ತಿದೆ. ಇನ್ನೊಂದು ತುದಿಯಲ್ಲಿ ಹರಭಜನ್ ಚೆನ್ನಾಗಿಯೇ ಬೌಲ್ ಮಾಡುತ್ತಿದ್ದಾನೆ, ಆದರೆ ವಿಕೆಟ್ ಆ ಕಡೆ ಬೀಳುತ್ತಿಲ್ಲ. ಮೊದಲ ಇನಿಂಗ್ಸ್‌ನಲ್ಲಿ 30 ಓಟಕ್ಕೆ ಮೂರು ಕಿತ್ತಿದ್ದ ಹುಡುಗ ಇವನೇ. ಕಟ್ಟೆಯ ಮೇಲೆ ಮಾತು ಕಡಿಮೆಯಾಗಿದೆ. ಒಬ್ಬನಿಗೆ ಇದ್ದಕ್ಕಿದ್ದಂತೆ ಹೊಳೆದು, "ಲೇ, ಹತ್ತೂ ಅವನ..." ಎನ್ನುವಷ್ಟರಲ್ಲಿ ಪಕ್ಕದವನು ತೊಡೆಗೆ ಗಿಲ್ಲುತ್ತಾನೆ.

"ಬಾಯಿ ಮುಚ್ಚಲೇ! ದೃಷ್ಟಿ ಆಗತೈತಿ."

ಬಾಡಗಂಡಿಯವರು ಬೇಸ್‌ಬಾಲ್ ನೋಡಿದವರಲ್ಲ. ಆದರೆ ಅಮೆರಿಕದ ಬೇಸ್‌ಬಾಲಿನಲ್ಲೂ ಇದೇ ಕಟ್ಟು. ಪಿಚರ್ ಒಬ್ಬ ಎದುರಾಳಿಗೆ ಒಂದೂ ಹಿಟ್ ಕೊಡದೆ ಆಟ ಮುಗಿಸುವ ಹಂತಕ್ಕೆ ಬಂದರೆ ಅವನ ತಂಡದವರು ಆ ವಿಷಯ ಎತ್ತುವುದಿಲ್ಲ, ಅವನ ಪಕ್ಕ ಕುಳಿತುಕೊಳ್ಳಲೂ ಹಿಂಜರಿಯುತ್ತಾರೆ. 1956ರ ಅಕ್ಟೋಬರ್ 8ರಂದು ನ್ಯೂಯಾರ್ಕ್ ಯಾಂಕೀಸ್‌ನ ಡಾನ್ ಲಾರ್ಸೆನ್, ವರ್ಲ್ಡ್ ಸೀರೀಸ್ ಪಂದ್ಯದಲ್ಲಿ, ಎದುರು ಬಂದ 27 ಬ್ಯಾಟರ್‌ಗಳಲ್ಲಿ ಒಬ್ಬನಿಗೂ ಮೊದಲ ಬೇಸ್ ಮುಟ್ಟಲು ಬಿಡಲಿಲ್ಲ. ಅದೇ ವರ್ಷದ ಜುಲೈನಲ್ಲಿ ಮ್ಯಾಂಚೆಸ್ಟರಿನ ಓಲ್ಡ್ ಟ್ರಾಫರ್ಡ್‌ನಲ್ಲಿ ಇಂಗ್ಲೆಂಡಿನ ಜಿಮ್ ಲೇಕರ್ ಆಸ್ಟ್ರೇಲಿಯಾದ ಹತ್ತೂ ಮಂದಿಯನ್ನು 53 ಓಟಕ್ಕೆ ಒಂದೇ ಇನಿಂಗ್ಸ್‌ನಲ್ಲಿ ಕೆಡವಿದ್ದರು. ಕನ್ನಡನಾಡು ಒಂದಾದ ವರ್ಷವೂ ಅದೇ. ಅಲ್ಲಿಂದ ಇಲ್ಲಿಯವರೆಗೆ ಟೆಸ್ಟ್‌ನಲ್ಲಿ ಇನ್ನೊಬ್ಬ ಲೇಕರ್ ಬಂದಿಲ್ಲ. ಭಾರತದಲ್ಲಿ ಸುಭಾಷ್ ಗುಪ್ತೆ, ಜಸು ಪಟೇಲ್, ಕಪಿಲ್ ದೇವ್ ಒಂಬತ್ತರವರೆಗೆ ಬಂದು ನಿಂತವರು.

58 ಓಟದ ಜೊತೆಯಾಟ ಮುರಿಯುತ್ತದೆ. ಸ್ವಲ್ಪ ಗಿಡ್ಡ ಬಿದ್ದ ಚೆಂಡನ್ನು ಮಲಿಕ್ ಪುಲ್ ಮಾಡಲು ಹೋಗುತ್ತಾನೆ. ಚೆಂಡು ಏಳುವುದೇ ಇಲ್ಲ. ಬ್ಯಾಟಿನ ಕೆಳಗೆ ನುಸುಳಿ ಸ್ಟಂಪಿಗೆ. 186ಕ್ಕೆ ಏಳು, ಏಳೂ ಒಬ್ಬನವೇ.

ಇನ್ನು ಮೈದಾನದ ಸ್ವರೂಪವೇ ಬದಲಾಗುತ್ತದೆ. ಪಂದ್ಯ ಗೆದ್ದಾಯಿತು, ಅದರ ಚಿಂತೆ ಯಾರಿಗೂ ಇಲ್ಲ. ಪ್ರತಿ ಎಸೆತಕ್ಕೂ ಇಡೀ ಕೋಟ್ಲಾ ಎದ್ದು ನಿಲ್ಲುತ್ತಿದೆ. ಮುಷ್ತಾಕ್ ಅಹ್ಮದ್‌ಗೆ ಬಿದ್ದ ಚೆಂಡು ಈ ಸಲ ಏಳುತ್ತದೆ, ಅವನು ಎಣಿಸಿದ್ದಕ್ಕಿಂತ ಎತ್ತರ. ಗ್ಲೌಸಿನ ಹತ್ತಿರದಿಂದ ಗಲ್ಲಿಯ ಕಡೆ ಹಾರುತ್ತದೆ. ಅಲ್ಲಿ ರಾಹುಲ್ ದ್ರಾವಿಡ್ ಇದ್ದಾರೆ. ಎಂಟು. ಮುಂದಿನ ಎಸೆತಕ್ಕೆ ಸಕ್ಲೇನ್ ಮುಷ್ತಾಕ್, ಎಲ್‌ಬಿಡಬ್ಲ್ಯು. ಒಂಬತ್ತು. 198ಕ್ಕೆ ಒಂಬತ್ತು.

ಓವರ್ ಮುಗಿಯಿತು.

ಈಗ ಬರುವ ಓವರು ಕ್ರಿಕೆಟ್ಟಿನಲ್ಲಿ ಅಪರೂಪದ್ದು. ಇನ್ನೊಂದು ತುದಿಯಿಂದ ಬೌಲ್ ಮಾಡಬೇಕಾದವರು ಜಾವಗಲ್ ಶ್ರೀನಾಥ್. ಕಟ್ಟೆಯ ಮೇಲೆ ಒಮ್ಮೆಲೇ ಗದ್ದಲ.

"ಶ್ರೀನಾಥ್ ತಗೊಂಡ್ರ ಮುಗೀತಲ್ಲ!"

"ತಗೊಳ್ಳಾಂಗಿಲ್ಲ. ನಮ್ಮಾಂವ ಅದಾನ ಅಂವ."

ಜೀವಮಾನವಿಡೀ ವಿಕೆಟ್ ಕೀಳಲೆಂದೇ ಓಡಿದ ವೇಗದ ಬೌಲರ್ ಈಗ ವಿಕೆಟ್ ಬೀಳದ ಹಾಗೆ ಬೌಲ್ ಮಾಡಬೇಕು. ಶ್ರೀನಾಥ್ ಆಫ್ ಸ್ಟಂಪಿನಿಂದ ದೂರ, ಬ್ಯಾಟಿಗೆ ನಿಲುಕದ ಹಾಗೆ ಚೆಂಡು ಎಸೆಯುತ್ತಾರೆ. ಅಂಪೈರ್ ವೈಡ್ ಎಂದು ಕೈ ಚಾಚಿದರೂ ಗ್ಯಾಲರಿ ಚಪ್ಪಾಳೆ ಹೊಡೆಯುತ್ತದೆ. ಬೌಲರ್ ವೈಡ್ ಹಾಕಿದ್ದಕ್ಕೆ ಸ್ವಂತ ಜನ ಚಪ್ಪಾಳೆ ಹೊಡೆದದ್ದನ್ನು ನೀವು ಇನ್ನೆಲ್ಲೂ ನೋಡಿರಲಿಕ್ಕಿಲ್ಲ. ಬೆಳಿಗ್ಗೆಯಿಂದ ಶ್ರೀನಾಥ್ ಹಾಕಿದ್ದು 12 ಓವರ್, ಕೊಟ್ಟದ್ದು 50, ವಿಕೆಟ್ ಇಲ್ಲ. ವೆಂಕಟೇಶ್ ಪ್ರಸಾದ್ ನಾಲ್ಕು ಓವರ್, ಹರಭಜನ್ 18. ಅವರಿಗೂ ಇಲ್ಲ. ಈ ತಂಡದಲ್ಲಿ ಕರ್ನಾಟಕದವರು ನಾಲ್ವರು. ಕುಂಬ್ಳೆ, ಶ್ರೀನಾಥ್, ಪ್ರಸಾದ್ ಬೌಲಿಂಗಿಗೆ, ದ್ರಾವಿಡ್ ಬ್ಯಾಟಿಂಗಿಗೆ. ರಣಜಿಯಲ್ಲಿ ಒಟ್ಟಿಗೆ ಆಡಿ ಬೆಳೆದವರು. ಆ ಓವರಿನಲ್ಲಿ ಕಂಡದ್ದು ಆ ಒಡನಾಟ.

ಓವರ್ ಕಳೆಯಿತು. ಟ್ರಾನ್ಸಿಸ್ಟರಿನ ಸೆಲ್ಲು ಇಳಿದು ದನಿ ಸಣ್ಣಗಾಗಿದೆ. ಯಾರೋ ಸೆಲ್ಲು ತೆಗೆದು ಅಂಗೈಯಲ್ಲಿ ತಿಕ್ಕಿ ಮತ್ತೆ ಹಾಕುತ್ತಾರೆ. ಆ ಎರಡು ನಿಮಿಷ ಕಟ್ಟೆಯ ಮೇಲಿದ್ದವರ ಮುಖ ನೋಡಬೇಕು, ಮನೆಯಲ್ಲಿ ಹೆರಿಗೆಯಾಗುವಾಗ ಹೊರಗೆ ನಿಂತ ಗಂಡಸರೂ ಇಷ್ಟು ಚಡಪಡಿಸುವುದಿಲ್ಲ. ದನಿ ಬಂತು. ಕುಂಬ್ಳೆ ಬೌಲಿಂಗಿಗೆ ಸಿದ್ಧರಾಗಿದ್ದಾರೆ. ಎದುರು ಅಕ್ರಂ, 37ರಲ್ಲಿ. ಆ ತುದಿಗೆ ವಕಾರ್ ಯೂನಿಸ್. ಅದು ಅವರ 27ನೇ ಓವರ್.

ಮೂರನೇ ಎಸೆತ. ಅಕ್ರಂ ತಡೆಯಲು ಬ್ಯಾಟು ಮುಂದಿಟ್ಟಿದ್ದಾನೆ. ಚೆಂಡು ಬ್ಯಾಟಿಗೆ ತಾಗಿ ಲೆಗ್ ಕಡೆಗೆ ಚಿಮ್ಮಿದೆ. ಶಾರ್ಟ್ ಲೆಗ್‌ನಲ್ಲಿ ಮತ್ತೆ ಲಕ್ಷ್ಮಣ್.

ಹುಡುಗ ಕನ್ನಡದಲ್ಲಿ ಹೇಳುವ ಅಗತ್ಯ ಬೀಳಲಿಲ್ಲ. ರೇಡಿಯೋದಿಂದ ಬಂದ ಆ ಸದ್ದಿಗೆ ಯಾವ ಭಾಷೆಯೂ ಇರಲಿಲ್ಲ. ಕಟ್ಟೆಯ ಮೇಲಿದ್ದವರು ಇಳಿದು ಒಬ್ಬರನ್ನೊಬ್ಬರು ಎತ್ತುತ್ತಿದ್ದಾರೆ. ಟ್ರ್ಯಾಕ್ಟರಿನವನು ಹಾರ್ನ್ ಹೊಡೆಯುತ್ತಲೇ ಇದ್ದಾನೆ. ಕಬ್ಬಿನ ಹೊರೆಯಿಂದ ಹುಡುಗರು ಗಳ ಎಳೆದುಕೊಂಡು ಸಿಗಿದು ತಿನ್ನುತ್ತಿದ್ದರೂ ಅವನು ಬೈಯುತ್ತಿಲ್ಲ. ಕಾಕಾ ಎದ್ದು ನಿಂತು ಪಟಗಾ ಸರಿಮಾಡಿಕೊಂಡು ಒಂದೇ ಮಾತು ಹೇಳುತ್ತಾರೆ: "ಗಂಡಸಲೇ ಅಂವ!" ಅಲ್ಲಿ ಕೋಟ್ಲಾದಲ್ಲಿ ಸಹ ಆಟಗಾರರು ಕುಂಬ್ಳೆಯನ್ನು ಹೆಗಲ ಮೇಲೆ ಎತ್ತಿಕೊಂಡಿದ್ದಾರೆ.

ಪಾಕಿಸ್ತಾನ 207ಕ್ಕೆ ಮುಗಿಯಿತು, ಭಾರತಕ್ಕೆ 212 ಓಟದ ಗೆಲುವು. 1980ರ ಜನವರಿಯ ನಂತರ ಪಾಕಿಸ್ತಾನದ ಮೇಲೆ ಟೆಸ್ಟ್ ಗೆದ್ದದ್ದು ಇದೇ ಮೊದಲು. ಅನಿಲ್ ಕುಂಬ್ಳೆ: 26.3 ಓವರ್, 9 ಮೇಡನ್, 74 ಓಟ, 10 ವಿಕೆಟ್.

ರಾತ್ರಿ ಕರೆಂಟು ಬಂದಾಗ ಟಿ.ವಿ. ಇದ್ದ ಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಮಧ್ಯಾಹ್ನ ಕೇಳಿದ್ದನ್ನೆಲ್ಲ ಸುದ್ದಿಯಲ್ಲಿ ಈಗ ಕಣ್ಣಿಂದ ನೋಡಬೇಕು. ನೋಡಿದ ಮೇಲೆ ತಿಳಿಯುತ್ತದೆ, ಕೇಳಿದಾಗ ಕಲ್ಪಿಸಿಕೊಂಡಷ್ಟು ಚಮತ್ಕಾರ ಆ ಎಸೆತಗಳಲ್ಲಿ ಇರಲೇ ಇಲ್ಲ. ಹತ್ತು ಔಟಿನಲ್ಲಿ ಮೂರು ಎಲ್‌ಬಿಡಬ್ಲ್ಯು, ಎರಡು ಬೌಲ್ಡ್. ಅರ್ಧಕ್ಕರ್ಧ ಫೀಲ್ಡರ್‌ಗಳ ಕೈಸಹಾಯವೂ ಬೇಕಾಗಿರಲಿಲ್ಲ, ಚೆಂಡು ನೆಟ್ಟಗೆ ಬಂದದ್ದಷ್ಟೇ ಸಾಕಾಗಿತ್ತು. ಉಳಿದ ಐದೂ ಬ್ಯಾಟಿನ ಹತ್ತಿರ ನಿಂತವರಿಗೋ ಕೀಪರ್‌ಗೋ ಹೋದವು. ಬೌಂಡರಿಯ ಗೆರೆಯಲ್ಲಿ ಓಡಿ ಹಿಡಿದ ಕ್ಯಾಚು ಒಂದೂ ಇಲ್ಲ. "ತಿರಗಂಗಿಲ್ಲ" ಎಂದು ಮಧ್ಯಾಹ್ನ ಮೂಗು ಮುರಿದವನು ಈಗ ಮುಂದಿನ ಸಾಲಿನಲ್ಲೇ ಕುಂತು ನೋಡುತ್ತಿದ್ದಾನೆ. ತಿರುಗಿದ್ದರೆ ಆ ಚೆಂಡುಗಳಲ್ಲಿ ಎಷ್ಟೋ ಸ್ಟಂಪ್ ಬಿಟ್ಟು, ಬ್ಯಾಟಿನ ಅಂಚು ಬಿಟ್ಟು ಹೋಗುತ್ತಿದ್ದವು.

ಒಬ್ಬ ಬೌಲರ್ ಮಿಂಚುವುದನ್ನು ನೋಡುವ ರೋಮಾಂಚನ ಬ್ಯಾಟ್ಸ್‌ಮನ್‌ನ ಸಿಕ್ಸರ್ ನೋಡಿದ ಹಾಗಲ್ಲ. ಸಿಕ್ಸರ್ ಬಂದು ಹೋಗುತ್ತದೆ. ಇದು ಎಸೆತದಿಂದ ಎಸೆತಕ್ಕೆ ಕಟ್ಟುತ್ತ ಹೋಗುತ್ತದೆ. ವಿಕೆಟ್ ಬೀಳದ ಎಸೆತಗಳೂ ಅದರಲ್ಲಿ ಸೇರಿವೆ. ಒಂಬತ್ತು ಮೇಡನ್ ಓವರುಗಳಿಲ್ಲದೆ ಆ ಹತ್ತು ವಿಕೆಟ್ ಇಲ್ಲ. ಒಂದೇ ಜಾಗಕ್ಕೆ ನೂರು ಸಲ ಚೆಂಡು ಹಾಕುವ ತಾಳ್ಮೆ ನೋಡಲು ಬೇಸರದ ಕೆಲಸವೆಂದು ತಿಳಿದವರು ಆ ರವಿವಾರದ ಮಧ್ಯಾಹ್ನ ನೆನಪಿಸಿಕೊಳ್ಳಲಿ.

2021ರ ಡಿಸೆಂಬರಿನಲ್ಲಿ ಮುಂಬೈನ ವಾಂಖೆಡೆಯಲ್ಲಿ ನ್ಯೂಜಿಲೆಂಡಿನ ಏಜಾಜ್ ಪಟೇಲ್ ಭಾರತದ ಹತ್ತೂ ವಿಕೆಟ್ ಕಿತ್ತರು. ಅವರಿಗೆ ಮೊದಲು ಅಭಿನಂದನೆ ಹೇಳಿದವರಲ್ಲಿ ಕುಂಬ್ಳೆಯೂ ಒಬ್ಬರು. ಟೆಸ್ಟ್ ಕ್ರಿಕೆಟ್ಟಿನಲ್ಲಿ ಈ ಸಾಧನೆ ಮಾಡಿದವರು ಇಂದಿಗೂ ಮೂವರೇ. ಅವರಲ್ಲಿ ನಮ್ಮವರು ಒಬ್ಬರು. ಕುಂಬ್ಳೆ 2008ರ ನವೆಂಬರ್ 2ರಂದು, ಅದೇ ಕೋಟ್ಲಾದಲ್ಲಿ, ಭಾರತದ ನಾಯಕನಾಗಿ ಟೆಸ್ಟ್ ಆಟಕ್ಕೆ ವಿದಾಯ ಹೇಳಿದಾಗ ಲೆಕ್ಕದಲ್ಲಿದ್ದ ವಿಕೆಟ್ 619. ಚೆಂಡು ತಿರುಗಿಸಲು ಬರುವುದಿಲ್ಲ ಎಂದು ಹೇಳಿಸಿಕೊಂಡವರ ಆ ಲೆಕ್ಕವನ್ನು ಭಾರತದ ಯಾವ ಬೌಲರೂ ಇನ್ನೂ ದಾಟಿಲ್ಲ.